ಶೈಶವದ ರಕ್ಷಣಾಕೋಶಗಳು: ನಾಲ್ಕು ತಾಲ್ಲೂಕುಗಳ ಅನುಭವದ ಹಿನ್ನೆಲೆಯಲ್ಲಿ ಒಂದು ಚಾರಿತ್ರಿಕ ವಿವೇಚನೆ

೧. ವಿಷಯಪ್ರವೇಶ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ತಾಲ್ಲೂಕುಗಳು ಬಹುಕಾಲ ಕೋಲಾರ ಜಿಲ್ಲೆಗೆ ಸೇರಿದ್ದವು. ೨೦೦೭ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದಾಗ ಅದರ ಅಂಗಗಳಾದವು. ಈ ಸೀಮೆಯ ಚರಿತ್ರೆಯನ್ನು ಬರೆಯುವವರು ನಂದಿಯ ಭೋಗನಂದೀಶ್ವರ ದೇವಾಲಯವನ್ನೂ, ಪಾಳೆಯಗಾರರ ಕೋಟೆಗಳನ್ನೂ, ೧೯೩೮ರ ವಿದುರಾಶ್ವತ್ಥದ ಗೋಲೀಬಾರನ್ನೂ ಪ್ರಸ್ತಾಪಿಸುವುದು ವಾಡಿಕೆ. ಅದು ಉಚಿತವೇ ಆಗಿದೆ. ಆದರೆ ಶಾಸನಗಳಲ್ಲಿ ಅಷ್ಟಾಗಿ ಕಾಣಿಸಿಕೊಳ್ಳದ ಮತ್ತೊಂದು ಚರಿತ್ರೆಯೂ ಉಂಟು. ಹುಟ್ಟಿದ ಮಕ್ಕಳಲ್ಲಿ ಎಷ್ಟು ಮಂದಿ ಬದುಕಿದರು, ಹೇಗೆ ಬದುಕಿದರು, ಬದುಕಿಸುವ ವಿದ್ಯೆ ಈ ಊರುಗಳಿಗೆ ಯಾವ ದಾರಿಯಿಂದ ಬಂದಿತು ಎಂಬುದೇ ಆ ಚರಿತ್ರೆ.

ಇದರ ಒಂದು ಭಾಗವನ್ನು ಮಾತ್ರ ನಾವು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ರೋಗವನ್ನು ತಡೆಯುವ ಜೀವಕೋಶಗಳು ಶಿಶುವಿನ ದೇಹದಲ್ಲಿ ಒಂದು ಗೊತ್ತಾದ ಕ್ರಮದಲ್ಲಿ ಬಲಿಯುತ್ತವೆ. ಈ ಕ್ರಮ ವಿಜ್ಞಾನಿಗಳಿಗೆ ಸ್ಪಷ್ಟವಾದದ್ದು ೧೯೬೦ರ ಆಚೀಚೆಗೆ. ಆದರೆ ಮಗುವಿನ ಮೊದಲ ಎರಡು ವರ್ಷಗಳು ಉಳಿದ ಆಯುಸ್ಸಿನಂತಲ್ಲ, ಅವುಗಳಿಗೆ ಬೇರೆಯೇ ಆದ ಲೆಕ್ಕವಿದೆ ಎಂಬ ಅರಿವು ಅದಕ್ಕೂ ಮುಂಚೆ ಅನುಭವದಿಂದ ಮೂಡಿತ್ತು. ಲಸಿಕೆಯ ವಯಸ್ಸನ್ನು ಗೊತ್ತುಮಾಡಿದ್ದು ಆ ಅನುಭವವೇ. ಕೋಶಗಳ ಶೋಧವು ಆ ಅನುಭವಕ್ಕೆ ಕಾರಣವನ್ನು ಒದಗಿಸಿತು, ಕೆಲವೆಡೆ ಅದನ್ನು ತಿದ್ದಿತು. ಎಲ್ಲೆಲ್ಲಿ ಶಿಶುವನ್ನು ದೊಡ್ಡವರ ಅಳತೆಗೋಲಿನಿಂದ ಅಳೆಯಲಾಯಿತೋ ಅಲ್ಲೆಲ್ಲ ಕೆಡುಕಾಯಿತು. ಇದೇ ನಮ್ಮ ಪ್ರತಿಪಾದನೆ. ಇದನ್ನು ಸಿಡುಬು, ರೇಷ್ಮೆ, ಕ್ಷಯ, ದಡಾರ ಎಂಬ ನಾಲ್ಕು ನಿದರ್ಶನಗಳ ಮೂಲಕ ನಿರೂಪಿಸುತ್ತೇವೆ. ನಾಲ್ಕೂ ಈ ಸೀಮೆಯ ಬಾಳಿಗೆ ಹತ್ತಿರವಾದವು.

೨. ಸಿಡುಬು ಮತ್ತು ಲಸಿಕೆಯ ವಯಸ್ಸು

ಸಿಡುಬನ್ನು ಈ ಭಾಗದ ಕನ್ನಡಿಗರು ‘ಅಮ್ಮ’ ಎಂದೂ, ತೆಲುಗು ಮನೆಮಾತಿನವರು ‘ಅಮ್ಮವಾರು’ ಎಂದೂ ಕರೆಯುತ್ತಿದ್ದರು. ಲಸಿಕೆ ಬಂದ ಮೇಲೆ ಅದಕ್ಕೂ ‘ದೇವಿ ಹಾಕಿಸುವುದು’, ‘ಮೈಲಿ ಹಾಕಿಸುವುದು’ ಎಂಬ ಮಾತುಗಳೇ ರೂಢಿಯಾದವು. ರೋಗದ ಹೆಸರನ್ನೇ ಅದರ ತಡೆಗೂ ಇಟ್ಟದ್ದು ಅಜ್ಞಾನದ ಗುರುತೆಂದು ತಳ್ಳಿಹಾಕುವಂತಿಲ್ಲ. ರೋಗವನ್ನು ಅಥವಾ ಅದರ ಬಂಧುವನ್ನು ಸೌಮ್ಯವಾದ ರೂಪದಲ್ಲಿ ಮೈಗೆ ಪರಿಚಯಿಸುವುದೇ ಲಸಿಕೆಯ ತತ್ತ್ವ. ಜನರ ಮಾತಿನಲ್ಲಿ ಆ ತತ್ತ್ವ ಅಡಗಿತ್ತು. ಒಮ್ಮೆ ಸಿಡುಬೆದ್ದು ಉಳಿದವರಿಗೆ ಅದು ಸಾಮಾನ್ಯವಾಗಿ ಮರಳಿ ಬಾರದೆಂಬುದು ಎಲ್ಲರೂ ಕಂಡಿದ್ದ ಸಂಗತಿ. ಕೆಲವು ವರ್ಷಗಳಿಗೊಮ್ಮೆ ರೋಗ ತಿರುಗಿ ಬರುವ ಊರುಗಳಲ್ಲಿ ದೊಡ್ಡವರು ಬಹುಮಟ್ಟಿಗೆ ಅದನ್ನು ಕಂಡವರೇ ಆಗಿರುತ್ತಿದ್ದರು. ಆದ್ದರಿಂದ ಸಿಡುಬಿಗೆ ಆಹುತಿಯಾಗುತ್ತಿದ್ದವರು ಮುಖ್ಯವಾಗಿ ಮಕ್ಕಳು.

ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು ೧೭೯೬ರ ಮೇ ೧೪ರಂದು ಗೋಸಿಡುಬಿನ ರಸವನ್ನು ಮೊದಲು ಹಾಕಿದ್ದು ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಬಾಲಕನಿಗೆ. ಭಾರತದಲ್ಲಿ ಮೊದಲ ಬಾರಿಗೆ ಈ ಲಸಿಕೆ ಫಲಿಸಿದ್ದು ೧೮೦೨ರ ಜೂನ್ ೧೪ರಂದು ಮುಂಬಯಿಯಲ್ಲಿ, ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣು ಮಗುವಿನ ತೋಳಿನಲ್ಲಿ. ಮುಂಬಯಿಯಿಂದ ಅದು ಒಂದು ತೋಳಿನಿಂದ ಮತ್ತೊಂದು ತೋಳಿಗೆ ಹಾಯುತ್ತ ದಕ್ಷಿಣಕ್ಕೆ ಸಾಗಿತು. ಮೈಸೂರಿನಲ್ಲಿ ಆಗ ಮುಮ್ಮಡಿ ಕೃಷ್ಣರಾಜ ಒಡೆಯರು ಬಾಲಕರು. ೧೭೯೯ರಲ್ಲಿ ಪಟ್ಟವೇರಿದಾಗ ಅವರಿಗೆ ಐದು ವರ್ಷ. ರಾಜ್ಯಭಾರ ದಿವಾನ್ ಪೂರ್ಣಯ್ಯನವರದು. ಅರಮನೆಯಲ್ಲಿ ಹಿರಿಯರು ರಾಣಿ ಲಕ್ಷ್ಮಮ್ಮಣ್ಣಿಯವರು. ಅರಮನೆಯ ಸೊಸೆಗೇ ಲಸಿಕೆ ಹಾಕಿಸಿ ಪ್ರಜೆಗಳ ಭೀತಿಯನ್ನು ಕಳೆಯುವ ಪ್ರಯತ್ನ ನಡೆಯಿತು. ಸುಮಾರು ೧೮೦೫ರಲ್ಲಿ ಥಾಮಸ್ ಹಿಕಿ ರಚಿಸಿದನೆನ್ನಲಾದ ಮೂವರು ರಾಜಸ್ತ್ರೀಯರ ವರ್ಣಚಿತ್ರದಲ್ಲಿ ಕಿರಿಯ ರಾಣಿ ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವುದು ಲಸಿಕೆಯ ಗುರುತಿನ ಕಡೆಗೆ ಗಮನ ಸೆಳೆಯುವುದಕ್ಕಾಗಿಯೇ ಎಂದು ಇತಿಹಾಸಕಾರರಾದ ನೈಜಲ್ ಚಾನ್ಸಲರ್ ಅಭಿಪ್ರಾಯಪಟ್ಟಿದ್ದಾರೆ.

ಈ ತೋಳಿನಿಂದ ತೋಳಿಗೆ ಹಾಯಿಸುವ ಪದ್ಧತಿಯನ್ನು ನಾವು ತುಸು ನಿಂತು ಗಮನಿಸಬೇಕು. ಲಸಿಕೆಯ ರಸ ಬಿಸಿಲಿಗೆ ಬೇಗ ಕೆಡುತ್ತಿತ್ತು. ಅದನ್ನು ಜೀವಂತವಾಗಿ ಒಯ್ಯಲು ಅತ್ಯಂತ ನಂಬಿಕೆಯ ಪಾತ್ರೆ ಎಂದರೆ ಮಗುವಿನ ತೋಳು. ಎಂಟನೆಯ ದಿನದ ಹೊತ್ತಿಗೆ ಗುಳ್ಳೆ ತುಂಬಿದಾಗ ಅದರ ರಸವನ್ನು ಇನ್ನೊಂದು ಮಗುವಿಗೆ ಹಾಕುತ್ತಿದ್ದರು. ೧೮೦೩ರಲ್ಲಿ ಸ್ಪೇನಿನಿಂದ ಅಮೆರಿಕ ಖಂಡಕ್ಕೆ ಲಸಿಕೆಯನ್ನು ಒಯ್ದ ಬಾಲ್ಮಿಸನ ಹಡಗಿನಲ್ಲಿ ಇಪ್ಪತ್ತೆರಡು ಮಂದಿ ಅನಾಥ ಬಾಲಕರಿದ್ದರು. ಇದಕ್ಕೆ ಮಕ್ಕಳೇ ಏಕೆ ಬೇಕಾಯಿತು? ಸಿಡುಬನ್ನಾಗಲಿ ಗೋಸಿಡುಬನ್ನಾಗಲಿ ಎಂದೂ ಕಾಣದ ಮೈಯಲ್ಲಿ ಮಾತ್ರ ಗುಳ್ಳೆ ಚೆನ್ನಾಗಿ ಏಳುತ್ತಿತ್ತು. ಹಿಂದೆ ಕಂಡ ಮೈ ಅದನ್ನು ಆರಂಭದಲ್ಲಿಯೇ ಅಡಗಿಸಿಬಿಡುತ್ತಿತ್ತು. ಇಂದು ವಿಜ್ಞಾನಿಗಳು ‘ಅನುಭವವಿಲ್ಲದ ಕೋಶ’, ‘ನೆನಪಿನ ಕೋಶ’ ಎಂದು ಯಾವ ಭೇದವನ್ನು ಹೇಳುತ್ತಾರೋ ಅದರ ಪರಿಣಾಮವನ್ನು ಲಸಿಕೆ ಹಾಕುವವರು ಕೋಶಗಳ ಹೆಸರನ್ನೂ ಕೇಳದ ಕಾಲದಲ್ಲಿ ದಿನದಿನವೂ ಬಳಸಿಕೊಳ್ಳುತ್ತಿದ್ದರು. ಆ ಅನಾಥ ಬಾಲಕರ ಒಪ್ಪಿಗೆಯನ್ನು ಮಾತ್ರ ಯಾರೂ ಕೇಳಿರಲಾರರು.

ಕಾಲಕ್ರಮದಲ್ಲಿ ಕಾನೂನುಗಳು ವಯಸ್ಸನ್ನು ಗೊತ್ತುಮಾಡಿದವು. ಇಂಗ್ಲೆಂಡಿನ ೧೮೫೩ರ ಕಾಯಿದೆ ಹುಟ್ಟಿದ ಮೂರು ತಿಂಗಳೊಳಗೆ ಲಸಿಕೆ ಹಾಕಿಸಬೇಕೆಂದು ವಿಧಿಸಿತ್ತು. ೧೮೯೮ರ ಕಾಯಿದೆ ಆ ಅವಧಿಯನ್ನು ಆರು ತಿಂಗಳಿಗೆ ವಿಸ್ತರಿಸಿತು. ಬೆಂಗಳೂರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಲಸಿಕೆ ತಯಾರಿಸುವ ಸಂಸ್ಥೆ ಏರ್ಪಟ್ಟಿತು. ತಿರುವಾಂಕೂರಿನಲ್ಲಿ ಜಾತಿಯ ಕಾರಣದಿಂದ ಸರ್ಕಾರಿ ಹುದ್ದೆ ದೊರೆಯದೆ ಮೈಸೂರಿಗೆ ಬಂದ ಡಾ. ಪಲ್ಪು ಅವರು ಅಲ್ಲಿ ಸೇವೆ ಸಲ್ಲಿಸಿದರು. ಮುಂದೆ ಬಿಸಿಲನ್ನು ತಾಳುವ ಒಣ ಲಸಿಕೆ ಬಂದಿತು. ಬೆಳಗಾವಿಯ ಸಂಸ್ಥೆ ಅದನ್ನು ತಯಾರಿಸಿದ ಕೇಂದ್ರಗಳಲ್ಲಿ ಒಂದು. ೧೯೬೨ರಲ್ಲಿ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮ ಮೊದಲಾಯಿತು. ೧೯೭೫ರಲ್ಲಿ ಭಾರತದಲ್ಲಿ ಸಿಡುಬು ಕೊನೆಗಂಡಿತು. ೧೯೮೦ರ ಮೇ ೮ರಂದು ಜಗತ್ತಿನಿಂದಲೇ ಅದು ತೊಲಗಿತೆಂದು ವಿಶ್ವ ಆರೋಗ್ಯ ಸಭೆ ಸಾರಿತು. ಈ ನಾಲ್ಕು ತಾಲ್ಲೂಕುಗಳ ಹಿರಿಯರ ತೋಳಿನ ಮೇಲಿರುವ ಗುಂಡನೆಯ ಕಲೆ ಈ ಚರಿತ್ರೆಯ ದಾಖಲೆ.

೩. ರೇಷ್ಮೆಹುಳುವಿನ ನಿದರ್ಶನ

ಎಳೆಯ ಪ್ರಾಣಿಗೆ ಪ್ರತ್ಯೇಕವಾದ ಆರೈಕೆ ಬೇಕೆಂಬ ಮಾತನ್ನು ಶಿಡ್ಲಘಟ್ಟದ ರೈತನಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮೊಟ್ಟೆಯೊಡೆದ ರೇಷ್ಮೆಹುಳು ನಾಲ್ಕು ಬಾರಿ ‘ಜ್ವರಕ್ಕೆ ಕೂತು’ ಪೊರೆ ಕಳಚಿದ ಮೇಲೆ ಗೂಡು ಕಟ್ಟುವ ಹಂತಕ್ಕೆ ಬರುತ್ತದೆ. ಮೊದಲ ಎರಡು ಜ್ವರಗಳವರೆಗಿನ ಅವಧಿಯ ಪೋಷಣೆಗೆ ಚಾಕಿ ಸಾಕಣೆ ಎಂದು ಹೆಸರು. ಹಿಪ್ಪುನೇರಳೆಯ ಎಳೆಯ ಸೊಪ್ಪು, ಹದವಾದ ಬಿಸಿ, ಹೆಚ್ಚಿನ ತೇವ, ಕಟ್ಟುನಿಟ್ಟಿನ ಶುಚಿ, ಇವೆಲ್ಲ ಆಗ ಬೇಕು. ಚಾಕಿಯಲ್ಲಿ ಕೆಟ್ಟ ಹುಳುವಿಗೆ ಆಮೇಲೆ ಎಷ್ಟು ಸೊಪ್ಪು ಹಾಕಿದರೂ ಗೂಡು ಗಟ್ಟಿಯಾಗದೆಂಬುದು ಸಾಕುವವರ ಅನುಭವ.

ರೋಗವಿಜ್ಞಾನದ ಚರಿತ್ರೆಯಲ್ಲಿಯೂ ರೇಷ್ಮೆಹುಳುವಿಗೆ ಗಣ್ಯವಾದ ಸ್ಥಾನವಿದೆ. ಫ್ರಾನ್ಸಿನ ಲೂಯಿ ಪಾಸ್ತರನು ೧೮೬೫ರಿಂದ ಕೆಲವು ವರ್ಷಗಳ ಕಾಲ ಗಂಟುರೋಗವನ್ನು ಅಭ್ಯಾಸಮಾಡಿದನು. ತಾಯಿಚಿಟ್ಟೆಯಿಂದ ಮೊಟ್ಟೆಯ ಮೂಲಕ ಮರಿಗೆ ರೋಗ ಇಳಿಯುವುದನ್ನು ಕಂಡು, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗದ ಕಣವಿದ್ದರೆ ಆ ಮೊಟ್ಟೆಗಳನ್ನು ಸುಟ್ಟುಹಾಕುವ ವಿಧಾನವನ್ನು ಬೋಧಿಸಿದನು. ರೋಗರಹಿತ ಮೊಟ್ಟೆ ತಯಾರಿಸುವಲ್ಲಿ ಇಂದಿಗೂ ಆಧಾರ ಈ ವಿಧಾನವೇ. ಸಾಂಕ್ರಾಮಿಕ ರೋಗಗಳ ವಿಚಾರದಲ್ಲಿ ಪಾಸ್ತರನ ಮೊದಲ ದೊಡ್ಡ ಕೆಲಸ ಇದೇ. ಅವನ ಲಸಿಕೆಗಳು ಇದಾದ ಹತ್ತಾರು ವರ್ಷಗಳ ಮೇಲೆ ಬಂದವು.

ಆದರೆ ಹುಳುವಿಗೂ ಮಗುವಿಗೂ ಇರುವ ಭೇದ ಸಾಮ್ಯಕ್ಕಿಂತ ಹೆಚ್ಚು ಬೋಧಪ್ರದವಾಗಿದೆ. ರೇಷ್ಮೆಹುಳುವಿಗೂ ರಕ್ಷಣೆಯುಂಟು. ಅದರ ಮೈರಸದಲ್ಲಿರುವ ಕೋಶಗಳು ರೋಗಾಣುವನ್ನು ನುಂಗುತ್ತವೆ, ಸುತ್ತುಗಟ್ಟಿ ಕೊಲ್ಲುತ್ತವೆ. ಸ್ವೀಡನ್ನಿನ ಹನ್ಸ್ ಬೋಮನ್ ಮತ್ತು ಸಂಗಡಿಗರು ೧೯೮೧ರಲ್ಲಿ ರೇಷ್ಮೆಯ ಬಳಗದ ಸಿಕ್ರೋಪಿಯ ಎಂಬ ಪತಂಗದಲ್ಲಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವಸ್ತುವನ್ನು ಗುರುತಿಸಿ, ಆ ಪತಂಗದ ಹೆಸರಿನಿಂದಲೇ ಅದಕ್ಕೆ ಸಿಕ್ರೋಪಿನ್ ಎಂಬ ಹೆಸರಿಟ್ಟರು. ಇಂಥದ್ದು ಸಹಜ ರಕ್ಷಣೆ. ಬಂದ ಶತ್ರು ಯಾರೇ ಆದರೂ ಇದು ಬಹುಮಟ್ಟಿಗೆ ಒಂದೇ ರೀತಿಯಲ್ಲಿ ವರ್ತಿಸುತ್ತದೆ. ಆದರೆ ಒಂದೊಂದು ರೋಗಾಣುವನ್ನೂ ಪ್ರತ್ಯೇಕವಾಗಿ ಗುರುತಿಸಿ ವರ್ಷಗಟ್ಟಲೆ ನೆನಪಿಡುವ ಲಿಂಫೋಸೈಟು ಎಂಬ ಕೋಶಗಳು ಹುಳುವಿಗಿಲ್ಲ, ಅವು ಉಂಟುಮಾಡುವ ಪ್ರತಿಕಾಯಗಳೂ ಇಲ್ಲ. ಆದ್ದರಿಂದ ಹುಳುವಿಗೆ ಮಗುವಿಗೆ ಹಾಕುವಂಥ ಲಸಿಕೆಯನ್ನು ಹಾಕಲಾಗದು. ಮೊಟ್ಟೆಯನ್ನೂ ಮನೆಯನ್ನೂ ಶುದ್ಧವಾಗಿಡಬೇಕು, ಅಷ್ಟೆ. ಮನುಷ್ಯಶಿಶುವಿಗೆ ಸಹಜ ರಕ್ಷಣೆಯ ಜೊತೆಗೆ ಕಲಿಯುವ ರಕ್ಷಣೆಯೂ ಇದೆ. ಆ ಕಲಿಕೆ ಎಲ್ಲಿ ನಡೆಯುತ್ತದೆ, ಯಾವಾಗ ನಡೆಯುತ್ತದೆ ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಬಹುಕಾಲ ಬೇಕಾಯಿತು.

೪. ಕೋಶಗಳ ಶೋಧವೂ ಒಂದು ದೊಡ್ಡ ಪ್ರಮಾದವೂ

ರಷ್ಯದ ಇಲ್ಯ ಮೆಚ್ನಿಕೊವ್ ೧೮೮೨ರಲ್ಲಿ ಸಿಸಿಲಿಯ ಮೆಸ್ಸಿನದಲ್ಲಿ ನಕ್ಷತ್ರಮೀನಿನ ಮರಿಯ ಮೈಗೆ ಮುಳ್ಳೊಂದನ್ನು ಚುಚ್ಚಿ, ಮರುದಿನ ಅದರ ಸುತ್ತ ಕೋಶಗಳು ಮುತ್ತಿಕೊಂಡಿರುವುದನ್ನು ಕಂಡನು. ರೋಗಾಣುವನ್ನು ನುಂಗುವ ಕೋಶಗಳೇ ದೇಹದ ಕಾವಲುಗಾರರೆಂದು ಅವನು ವಾದಿಸಿದನು. ಜರ್ಮನಿಯ ಪಾಲ್ ಎರ‍್ಲಿಖ್‌ನ ಪಕ್ಷದವರು ರಕ್ತದ್ರವದಲ್ಲಿರುವ ಪ್ರತಿಕಾಯಗಳಿಗೆ ಹಿರಿಮೆ ಕೊಟ್ಟರು. ೧೯೦೮ರ ನೊಬೆಲ್ ಪಾರಿತೋಷಕ ಇಬ್ಬರಿಗೂ ಹಂಚಿಕೆಯಾದದ್ದು ಎರಡು ಪಕ್ಷಗಳಲ್ಲಿಯೂ ಸತ್ಯವಿದ್ದುದನ್ನು ಸೂಚಿಸುತ್ತದೆ. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಎರ‍್ಲಿಖ್‌ನು ೧೮೯೨ರಲ್ಲಿ ಪ್ರಕಟಿಸಿದ ಪ್ರಯೋಗ. ವಿಷವನ್ನು ತಾಳಲು ಅಭ್ಯಾಸ ಮಾಡಿಸಿದ ತಾಯಿ ಇಲಿಗಳ ಮರಿಗಳಿಗೂ ಆ ಶಕ್ತಿ ಬರುತ್ತದೆ, ತಾಯಿಯ ಹಾಲಿನಿಂದಲೂ ಅದು ಬರುತ್ತದೆ, ಆದರೆ ಕೆಲವು ಕಾಲದಲ್ಲಿ ಕರಗಿಹೋಗುತ್ತದೆ ಎಂದು ಅವನು ತೋರಿಸಿದನು. ತಾಯಿ ಕೊಡುವ ರಕ್ಷಣೆ ಎರವಲಿನದು ಎಂಬ ತತ್ತ್ವ ಅಂದಿಗೆ ಸ್ಥಿರಪಟ್ಟಿತು.

ಮಗುವಿನ ಸ್ವಂತ ಗಳಿಕೆ ಎಲ್ಲಿಂದ ಮೊದಲಾಗುತ್ತದೆ? ಎದೆಯ ಮುಂಭಾಗದ ಎಲುಬಿನ ಹಿಂದೆ, ಹೃದಯದ ಮೇಲ್ಗಡೆ ಥೈಮಸ್ ಎಂಬ ಮೆತ್ತನೆಯ ಗ್ರಂಥಿಯಿದೆ. ಇಂಗ್ಲೆಂಡಿನ ವಿಲಿಯಂ ಹ್ಯೂಸನ್ ಹದಿನೆಂಟನೆಯ ಶತಮಾನದಲ್ಲಿಯೇ ಅದು ಶೈಶವದಲ್ಲಿ ದೊಡ್ಡದಾಗಿದ್ದು ವಯಸ್ಸಾದಂತೆ ಕುಗ್ಗುವುದನ್ನು ಗಮನಿಸಿದ್ದನು. ೧೮೪೫ರಲ್ಲಿ ಜಾನ್ ಸೈಮನ್ ಎಂಬ ವೈದ್ಯನು ಪೋಷಣೆ ತಗ್ಗಿದ ಮಕ್ಕಳಲ್ಲಿ ಆ ಗ್ರಂಥಿ ಸೊರಗುವುದನ್ನು ವಿವರಿಸಿದ್ದನು. ಈ ಎರಡು ಮಾತುಗಳನ್ನು ವೈದ್ಯಲೋಕ ನೆನಪಿನಲ್ಲಿಟ್ಟಿದ್ದರೆ ಮುಂದಿನ ಅನರ್ಥ ತಪ್ಪುತ್ತಿತ್ತು.

ಅನರ್ಥ ನಡೆದದ್ದು ಹೀಗೆ. ಅಂಗರಚನೆಯನ್ನು ಕಲಿಸಲು ಐರೋಪ್ಯ ವೈದ್ಯಶಾಲೆಗಳಿಗೆ ದೊರೆಯುತ್ತಿದ್ದ ಹೆಣಗಳು ಬಹುಮಟ್ಟಿಗೆ ಬಡವರವು. ಹಸಿವಿನಿಂದಲೂ ದೀರ್ಘರೋಗದಿಂದಲೂ ಸತ್ತವರವು. ಅವರ ಮಕ್ಕಳ ಥೈಮಸ್ ಕುಗ್ಗಿದ್ದುದು ಸಹಜ. ಆ ಕುಗ್ಗಿದ ಗಾತ್ರವನ್ನೇ ಶಾಸ್ತ್ರಗ್ರಂಥಗಳು ಸರಿಯಾದ ಅಳತೆಯೆಂದು ಬರೆದುಕೊಂಡವು. ಆಮೇಲೆ ಪುಷ್ಟವಾಗಿದ್ದ ಮಗುವೊಂದು ಹಠಾತ್ತನೆ ಸತ್ತಾಗ ಅದರ ಥೈಮಸ್ ‘ಅತಿ ದೊಡ್ಡದಾಗಿ’ ಕಂಡಿತು. ಅದೇ ಉಸಿರುಗಟ್ಟಿಸಿ ಕೊಂದಿತೆಂದು ತೀರ್ಮಾನಿಸಿದರು. ೧೮೮೯ರಲ್ಲಿ ವಿಯೆನ್ನದ ಪಾಲ್ಟಾಫ್ ಇದಕ್ಕೊಂದು ರೋಗದ ಹೆಸರನ್ನೂ ಕೊಟ್ಟನು. ೧೯೦೭ರಿಂದ ಅಮೆರಿಕದಲ್ಲಿ ಆರೋಗ್ಯವಂತ ಶಿಶುಗಳ ಎದೆಗೆ ಎಕ್ಸ್-ಕಿರಣವನ್ನು ಹಾಯಿಸಿ ಥೈಮಸನ್ನು ಕುಗ್ಗಿಸುವ ಚಿಕಿತ್ಸೆ ಮೊದಲಾಗಿ ಸಾವಿರಾರು ಮಕ್ಕಳಿಗೆ ನಡೆಯಿತು. ೧೯೩೧ರಲ್ಲಿ ಬ್ರಿಟನ್ನಿನ ವಿಚಾರಣೆಯೊಂದು ಇಂಥ ರೋಗವಿದೆಯೆಂಬುದಕ್ಕೆ ಆಧಾರವಿಲ್ಲವೆಂದು ಹೇಳಿದ ಮೇಲೂ ಅಭ್ಯಾಸ ಬೇಗ ನಿಲ್ಲಲಿಲ್ಲ. ೧೯೫೦ರಲ್ಲಿ, ಥೈರಾಯ್ಡ್ ಗ್ರಂಥಿಯ ಕ್ಯಾನ್ಸರಿಗೆ ತುತ್ತಾದ ಮಕ್ಕಳಲ್ಲಿ ಹಲವರು ಶೈಶವದಲ್ಲಿ ಈ ಕಿರಣವನ್ನು ಪಡೆದವರೆಂಬುದು ಬೆಳಕಿಗೆ ಬಂದಿತು. ಬಡವರ ಹಸಿವನ್ನು ಪ್ರಕೃತಿಯ ನಿಯಮವೆಂದು ಭ್ರಮಿಸಿದ್ದಕ್ಕೆ ತೆತ್ತ ಬೆಲೆ ಇದು.

ನಿಜಾಂಶ ತಿಳಿದದ್ದು ೧೯೬೧ರಲ್ಲಿ. ಲಂಡನ್ನಿನಲ್ಲಿ ಕೆಲಸಮಾಡುತ್ತಿದ್ದ ಜಾಕ್ ಮಿಲ್ಲರ್ ಆಗತಾನೆ ಹುಟ್ಟಿದ ಇಲಿಮರಿಗಳಿಂದ ಥೈಮಸನ್ನು ತೆಗೆದನು. ಅವು ಬೆಳೆಯುತ್ತ ಸೊರಗಿ ಸೋಂಕುಗಳಿಗೆ ಬಲಿಯಾದವು. ಅವುಗಳ ರಕ್ತದಲ್ಲಿ ಲಿಂಫೋಸೈಟುಗಳು ವಿರಳವಾಗಿದ್ದವು. ಅನ್ಯ ಇಲಿಯ ಚರ್ಮವನ್ನು ಕಸಿಮಾಡಿದರೂ ಅವು ನಿರಾಕರಿಸಲಿಲ್ಲ. ಬೆಳೆದ ಇಲಿಯಿಂದ ಅದೇ ಗ್ರಂಥಿಯನ್ನು ತೆಗೆದರೆ ಅಂಥ ಹಾನಿ ಕಾಣುತ್ತಿರಲಿಲ್ಲ. ಈ ಕಾರಣದಿಂದಲೇ ಹಿಂದಿನವರು ಅದನ್ನು ನಿರುಪಯೋಗಿಯೆಂದು ಬಗೆದಿದ್ದರು. ಅವರು ಪರೀಕ್ಷಿಸಿದ್ದು ತಪ್ಪಾದ ವಯಸ್ಸಿನಲ್ಲಿ. ೧೯೫೬ರಲ್ಲಿ ಬ್ರೂಸ್ ಗ್ಲಿಕ್ ಕೋಳಿಮರಿಯ ಹಿಂಭಾಗದಲ್ಲಿರುವ ಫ್ಯಾಬ್ರಿಷಿಯಸನ ಚೀಲವನ್ನು ತೆಗೆದರೆ ಪ್ರತಿಕಾಯಗಳು ಹುಟ್ಟುವುದಿಲ್ಲವೆಂದು ತೋರಿಸಿದ್ದನು. ೧೯೬೫ರಲ್ಲಿ ಮ್ಯಾಕ್ಸ್ ಕೂಪರ್ ಮತ್ತು ಸಂಗಡಿಗರು ಎರಡನ್ನೂ ಕೂಡಿಸಿ, ಲಿಂಫೋಸೈಟುಗಳಲ್ಲಿ ಎರಡು ಕುಲಗಳಿವೆಯೆಂದು ಸ್ಥಾಪಿಸಿದರು. ಥೈಮಸಿನಲ್ಲಿ ಬಲಿಯುವವು ಟಿ ಕೋಶಗಳಾದವು. ಪ್ರತಿಕಾಯಗಳನ್ನು ತಯಾರಿಸುವ ಕುಲ ಬಿ ಕೋಶಗಳು. ಮನುಷ್ಯನಲ್ಲಿ ಕೋಳಿಯ ಆ ಚೀಲದ ಕೆಲಸವನ್ನು ಮೂಳೆಯ ಮಜ್ಜೆ ನಿರ್ವಹಿಸುತ್ತದೆ.

೫. ಗರ್ಭದಿಂದ ಎರಡನೆಯ ವರ್ಷದವರೆಗೆ

ಈಗ ತಿಳಿದಿರುವ ಕ್ರಮವನ್ನು ಸಂಗ್ರಹವಾಗಿ ಹೇಳಬಹುದು. ಗರ್ಭದ ಮೂರನೆಯ ವಾರದಲ್ಲಿ ಮೊದಲ ರಕ್ತಕೋಶಗಳು ಭ್ರೂಣಕ್ಕೆ ಅಂಟಿದ ಚೀಲದಲ್ಲಿ ತೋರುತ್ತವೆ. ಮುಂದೆ ಪಿತ್ತಕೋಶದ ನೆರೆಯ ಯಕೃತ್ತು ಆ ಕೆಲಸವನ್ನು ವಹಿಸಿಕೊಳ್ಳುತ್ತದೆ; ಕೊನೆಗೆ ಮೂಳೆಯ ಮಜ್ಜೆಗೆ ಅದು ವರ್ಗವಾಗುತ್ತದೆ. ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ಮೂಲಕೋಶಗಳು ಥೈಮಸಿಗೆ ವಲಸೆ ಬರಲು ತೊಡಗುತ್ತವೆ. ಅಲ್ಲಿ ಅವುಗಳಿಗೆ ಕಠಿಣವಾದ ಪರೀಕ್ಷೆ. ದೇಹದ ಸ್ವಂತ ವಸ್ತುಗಳ ಮೇಲೆ ಬೀಳುವಂಥವು, ಏನನ್ನೂ ಗುರುತಿಸಲಾರದಂಥವು ಅಲ್ಲಿಯೇ ಸಾಯುತ್ತವೆ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕೋಶಗಳು ಹೀಗೆ ಅಳಿದು, ಉಳಿದ ಅಲ್ಪಭಾಗ ಮಾತ್ರ ಟಿ ಕೋಶಗಳಾಗಿ ಹೊರಬರುತ್ತದೆ. ಮಗು ಹುಟ್ಟುವಾಗ, ದೇಹದ ತೂಕಕ್ಕೆ ಹೋಲಿಸಿದರೆ, ಥೈಮಸ್ ಆಯುಸ್ಸಿನಲ್ಲೇ ಅತ್ಯಂತ ದೊಡ್ಡದಾಗಿರುತ್ತದೆ. ಶಿಶುವಿನ ರಕ್ತದ ಒಂದು ಹನಿಯಲ್ಲಿ ದೊಡ್ಡವರ ಹನಿಗಿಂತ ಹೆಚ್ಚು ಲಿಂಫೋಸೈಟುಗಳಿರುತ್ತವೆ. ಆದರೆ ಅವುಗಳಲ್ಲಿ ಬಹುತೇಕ ಇನ್ನೂ ಯಾವ ರೋಗಾಣುವನ್ನೂ ಎದುರಿಸದವು.

ಈ ನಡುವಿನ ಕಾಲಕ್ಕೆ ತಾಯಿ ಎರವಲು ಕೊಡುತ್ತಾಳೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಆಕೆಯ ಐಜಿಜಿ ಎಂಬ ಪ್ರತಿಕಾಯಗಳು ಮಾಸುವಿನ ಮೂಲಕ ಮಗುವಿಗೆ ಹರಿಯುತ್ತವೆ; ದಿನ ತುಂಬದೆ ಹುಟ್ಟಿದ ಶಿಶುವಿಗೆ ಈ ಪಾಲು ಕಡಿಮೆ. ಈ ಎರವಲು ಸುಮಾರು ಮೂರು ವಾರಗಳಿಗೊಮ್ಮೆ ಅರ್ಧರ್ಧವಾಗಿ ಕರಗುತ್ತದೆ. ಮಗುವಿನ ಸ್ವಂತ ಉತ್ಪನ್ನ ನಿಧಾನವಾಗಿ ಏರುತ್ತದೆ. ಆದ್ದರಿಂದ ಮೂರರಿಂದ ಆರು ತಿಂಗಳ ನಡುವೆ ಒಟ್ಟು ಸಂಗ್ರಹ ಅತ್ಯಂತ ಕೆಳಗಿರುತ್ತದೆ. ಮೊಲೆಹಾಲಿನಲ್ಲಿ, ವಿಶೇಷವಾಗಿ ಹೆರಿಗೆಯಾದ ಮೊದಲ ದಿನಗಳ ಹಳದಿಬಣ್ಣದ ಗಟ್ಟಿ ಹಾಲಿನಲ್ಲಿ, ಐಜಿಎ ಎಂಬ ಮತ್ತೊಂದು ಜಾತಿಯ ಪ್ರತಿಕಾಯ ಹೇರಳವಾಗಿದ್ದು ಮಗುವಿನ ಕರುಳನ್ನು ಕಾಯುತ್ತದೆ. ಹಸುವಿನ ಗಿಣ್ಣನ್ನು ಪ್ರೀತಿಯಿಂದ ಕಾಸಿ ತಿನ್ನುವ ಮನೆಗಳಲ್ಲಿಯೇ ಬಾಣಂತಿಯ ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುತ್ತಿದ್ದುದು ನಮ್ಮ ನಾಡಿನ ಒಂದು ವಿಪರ್ಯಾಸ.

ಈಗಿನ ಲಸಿಕೆಯ ವೇಳಾಪಟ್ಟಿಯನ್ನು ಈ ಕ್ರಮದ ಪಕ್ಕದಲ್ಲಿಟ್ಟು ಓದಿದರೆ ಅದರ ಅರ್ಥ ತಾನಾಗಿ ತೆರೆಯ ತೊಡಗುತ್ತದೆ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುಗಳ ವಿರುದ್ಧ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಮೂರು ಬಾರಿ ಲಸಿಕೆ ಏಕೆ? ತಾಯಿಯ ಎರವಲು ತಳ ಮುಟ್ಟುವ ಮೊದಲೇ ಮಗುವಿನ ಸ್ವಂತ ಗಳಿಕೆ ನಿಲ್ಲಬೇಕು. ಎಳೆಯ ಬಿ ಕೋಶಗಳ ಮೊದಲ ಉತ್ತರ ಅಲ್ಪಕಾಲದ್ದಾದ್ದರಿಂದ ಪಾಠವನ್ನು ಮತ್ತೆ ಮತ್ತೆ ಒಪ್ಪಿಸಬೇಕು. ಕೆಲವು ಬ್ಯಾಕ್ಟೀರಿಯಾಗಳ ಸಕ್ಕರೆಯ ಹೊದಿಕೆಯನ್ನು ಸುಮಾರು ಎರಡು ವರ್ಷದವರೆಗೆ ಶಿಶುವಿನ ಬಿ ಕೋಶಗಳು ಒಂಟಿಯಾಗಿ ಗುರುತಿಸಲಾರವು. ಆ ಸಕ್ಕರೆಯನ್ನು ಪ್ರೋಟೀನಿಗೆ ಬೆಸೆದು ಕೊಟ್ಟರೆ ಟಿ ಕೋಶಗಳ ನೆರವು ಒದಗಿ ಉತ್ತರ ಹುಟ್ಟುತ್ತದೆ. ಪಂಚರೋಗ ಲಸಿಕೆಯ ಹಿಬ್ ಅಂಶವೂ ನ್ಯುಮೊಕಾಕಸ್ ಲಸಿಕೆಯೂ ಹೀಗೆ ಬೆಸೆದವೇ. ಕೋಶಗಳ ಜ್ಞಾನ ಇಲ್ಲಿ ಅನುಭವವನ್ನು ವಿವರಿಸಿದ್ದಲ್ಲದೆ ಹೊಸ ಲಸಿಕೆಗೂ ದಾರಿ ತೋರಿತು.

೬. ಕ್ಷಯ ಮತ್ತು ದಡಾರ

ಚಿಂತಾಮಣಿಯಿಂದ ಪೂರ್ವಕ್ಕೆ ರಾಜ್ಯದ ಗಡಿಯನ್ನು ದಾಟಿದರೆ ಆಂಧ್ರಪ್ರದೇಶದ ಮದನಪಲ್ಲಿ. ಅದರ ಸಮೀಪದ ಆರೋಗ್ಯವರಂ ಕ್ಷಯಚಿಕಿತ್ಸಾಲಯ ಭಾರತದ ವೈದ್ಯಚರಿತ್ರೆಯಲ್ಲಿ ಹೆಸರಾದ ಸಂಸ್ಥೆ. ೧೯೪೮ರಲ್ಲಿ ಭಾರತದಲ್ಲಿ ಬಿಸಿಜಿ ಲಸಿಕೆಯ ಕೆಲಸ ಆರಂಭವಾದಾಗ ಮದನಪಲ್ಲಿಯೂ ಅದರ ನೆಲೆಯಾಯಿತು. ಫ್ರಿಮೋಟ್-ಮೊಲರ್ ಅವರ ನೇತೃತ್ವದಲ್ಲಿ ಸುತ್ತಲಿನ ಗ್ರಾಮಗಳಲ್ಲಿ ದೀರ್ಘಕಾಲದ ಪರಿಶೀಲನೆ ನಡೆಯಿತು. ೧೯೫೫ರಲ್ಲಿ ರಾಜಾಜಿಯವರು ಸಾಮೂಹಿಕ ಬಿಸಿಜಿ ಆಂದೋಲನವನ್ನು ಬಹಿರಂಗವಾಗಿ ವಿರೋಧಿಸಿದರು. ೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ೧೯೬೮ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ ಆರಂಭವಾದ ಬೃಹತ್ ಪ್ರಯೋಗದ ಫಲಿತಾಂಶ ದಶಕದ ಬಳಿಕ ಹೊರಬಿದ್ದು ಎಲ್ಲರನ್ನೂ ಚಕಿತಗೊಳಿಸಿತು. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಬಿಸಿಜಿ ಅಲ್ಲಿ ತಡೆದಿರಲಿಲ್ಲ.

ಹಾಗಾದರೆ ಲಸಿಕೆ ವ್ಯರ್ಥವೇ? ಇಲ್ಲಿಯೂ ದೊಡ್ಡವರ ಅಳತೆಗೋಲನ್ನು ಶಿಶುವಿಗೆ ಹಿಡಿಯುವ ಅಪಾಯವಿತ್ತು. ಎಳೆಯ ಮಕ್ಕಳಲ್ಲಿ ಕ್ಷಯ ಶ್ವಾಸಕೋಶದಲ್ಲಿ ನಿಲ್ಲದೆ ರಕ್ತದ ಮೂಲಕ ಮೈಯೆಲ್ಲ ಹರಡಿ ಮಿದುಳಿನ ಪೊರೆಯನ್ನು ಹೊಗುವುದುಂಟು. ಅದು ಬಹುವೇಳೆ ಪ್ರಾಣಾಂತಕ. ಈ ರೂಪದ ಕ್ಷಯದಿಂದ ಶಿಶುಗಳನ್ನು ಬಿಸಿಜಿ ಗಣನೀಯವಾಗಿ ರಕ್ಷಿಸುತ್ತದೆಂದು ಹಲವು ದೇಶಗಳ ಅಧ್ಯಯನಗಳಿಂದ ಸ್ಥಿರಪಟ್ಟಿದೆ. ಹಸುಗೂಸಿನ ಟಿ ಕೋಶಗಳು ದುರ್ಬಲವೆಂಬ ಹಳೆಯ ಭಾವನೆಯನ್ನೂ ಬಿಸಿಜಿ ತಿದ್ದಿತು. ೧೯೯೦ರ ದಶಕದಲ್ಲಿ ಆಫ್ರಿಕದ ಗ್ಯಾಂಬಿಯದಲ್ಲಿ ನಡೆದ ಪರೀಕ್ಷೆಗಳಲ್ಲಿ, ಹುಟ್ಟಿದಾಗ ಹಾಕಿದ ಬಿಸಿಜಿಗೆ ಶಿಶುವಿನ ಟಿ ಕೋಶಗಳು ಬಲವಾಗಿಯೇ ಉತ್ತರಿಸುವುದು ಕಂಡುಬಂದಿತು. ಆದ್ದರಿಂದ ಶಿಶುವಿನ ರಕ್ಷಣೆಯನ್ನು ಒಟ್ಟಾಗಿ ದುರ್ಬಲವೆನ್ನುವುದು ಸರಿಯಲ್ಲ. ಕೆಲವು ಕೆಲಸಗಳಿಗೆ ಅದು ಹುಟ್ಟಿದಂದೇ ಸಿದ್ಧವಾಗಿರುತ್ತದೆ, ಕೆಲವಕ್ಕೆ ತಿಂಗಳುಗಳು ಬೇಕು, ಮತ್ತೆ ಕೆಲವಕ್ಕೆ ವರ್ಷಗಳೇ ಬೇಕು.

ದಡಾರದ ಲಸಿಕೆ ಇದಕ್ಕೆ ಇನ್ನೊಂದು ಮುಖದ ಸಾಕ್ಷಿ. ೧೮೪೬ರಲ್ಲಿ ಫೆರೋ ದ್ವೀಪಗಳಲ್ಲಿ ದಡಾರ ಹಬ್ಬಿದಾಗ, ೧೭೮೧ರಲ್ಲಿ ಬಾಲ್ಯದಲ್ಲಿ ಅದನ್ನು ಕಂಡಿದ್ದ ವೃದ್ಧರಿಗೆ ಅರವತ್ತೈದು ವರ್ಷಗಳ ಬಳಿಕವೂ ರೋಗ ತಟ್ಟಲಿಲ್ಲವೆಂದು ಡೆನ್ಮಾರ್ಕಿನ ವೈದ್ಯ ಪೀಟರ್ ಪಾನಮ್ ವರದಿಮಾಡಿದನು. ಇಷ್ಟು ದೀರ್ಘವಾದ ನೆನಪನ್ನು ಉಂಟುಮಾಡುವ ರೋಗಕ್ಕೆ ಲಸಿಕೆಯನ್ನು ಹುಟ್ಟಿದಾಗಲೇ ಹಾಕಬಾರದೇಕೆ? ತಾಯಿಯ ಪ್ರತಿಕಾಯಗಳು ಲಸಿಕೆಯ ಜೀವಂತ ವೈರಾಣುವನ್ನು ಮಗುವಿನ ಕೋಶಗಳು ಕಾಣುವ ಮೊದಲೇ ಅಡಗಿಸಿಬಿಡುತ್ತವೆ. ಬಹಳ ತಡಮಾಡಿದರೆ ರೋಗವೇ ಮುಂಚಿತವಾಗಿ ಬರುತ್ತದೆ. ಈ ಎರಡು ಅಪಾಯಗಳ ನಡುವೆ ಭಾರತ ಆರಿಸಿಕೊಂಡದ್ದು ಒಂಬತ್ತನೆಯ ತಿಂಗಳನ್ನು. ೧೯೮೫ರಲ್ಲಿ ಮೊದಲಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಇದನ್ನು ಜಾರಿಗೆ ತಂದಿತು. ಮುಂದೆ ಎರಡನೆಯ ವರ್ಷದಲ್ಲಿ ಮತ್ತೊಂದು ಬಾರಿ ಕೊಡುವ ಏರ್ಪಾಡಾಯಿತು. ೨೦೧೭ರಲ್ಲಿ ಕರ್ನಾಟಕದಲ್ಲಿ ದಡಾರ ಮತ್ತು ರುಬೆಲ್ಲಗಳ ಜಂಟಿ ಲಸಿಕೆ ಬಳಕೆಗೆ ಬಂದಿತು.

ದಡಾರವೆದ್ದ ಮಗುವನ್ನು ಅದು ಇಳಿದ ಮೇಲೂ ತಿಂಗಳುಗಟ್ಟಲೆ ಜೋಪಾನ ಮಾಡಬೇಕೆಂದು ನಮ್ಮ ಮನೆಗಳ ಹಿರಿಯ ಹೆಂಗಸರು ಹೇಳುತ್ತಿದ್ದರು. ೧೯೦೮ರಲ್ಲಿ ಆಸ್ಟ್ರಿಯದ ಫಾನ್ ಪಿರ್ಕೆ, ಕ್ಷಯದ ಚರ್ಮಪರೀಕ್ಷೆಗೆ ಉತ್ತರ ಕೊಡುತ್ತಿದ್ದ ಮಗು ದಡಾರದ ಸಮಯದಲ್ಲಿ ಉತ್ತರ ಕೊಡದಿರುವುದನ್ನು ಕಂಡನು. ದಡಾರದ ವೈರಾಣು ನೆನಪಿನ ಕೋಶಗಳನ್ನೇ ನಾಶಮಾಡಿ, ಮಗು ಹಿಂದೆ ಗಳಿಸಿದ್ದ ಪ್ರತಿಕಾಯಗಳಲ್ಲಿ ಒಂದು ಭಾಗವನ್ನು ಅಳಿಸಿಹಾಕುತ್ತದೆಂದು ೨೦೧೯ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಹಿರಿಯರ ಎಚ್ಚರಿಕೆಗೆ ಶಾಸ್ತ್ರದ ಸಮರ್ಥನೆ ಹೀಗೆ ತಡವಾಗಿ ದೊರೆಯಿತು.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ವ್ಯಕ್ತವಾಗುತ್ತವೆ. ಮೊದಲನೆಯದು, ಶಿಶುವಿನ ರಕ್ಷಣಾಕೋಶಗಳ ಬೆಳವಣಿಗೆಗೆ ತನ್ನದೇ ಆದ ಪಂಚಾಂಗವಿದೆ. ಲಸಿಕೆಯ ಚೀಟಿಯ ಮೇಲಿನ ವಾರ ತಿಂಗಳುಗಳು ಅದನ್ನು ಅನುಸರಿಸಿದವು. ಎರಡನೆಯದು, ಆ ಪಂಚಾಂಗವನ್ನು ಮೊದಲು ಓದಿದ್ದು ಅನುಭವ, ಆಮೇಲೆ ಪ್ರಯೋಗಶಾಲೆ. ಮೂರನೆಯದು, ಆ ಕೋಶಗಳು ಅನ್ನವನ್ನು ಬೇಡುತ್ತವೆ. ಹಸಿದ ಮಗುವಿನ ಥೈಮಸ್ ಸೊರಗುತ್ತದೆಂಬ ಸೈಮನ್ನನ ಮಾತು ಇಂದಿಗೂ ಸತ್ಯ. ಈ ದೃಷ್ಟಿಯಿಂದ ೧೯೭೫ರಲ್ಲಿ ದೇಶದ ಮೂವತ್ತಮೂರು ಕಡೆ, ಕರ್ನಾಟಕದಲ್ಲಿ ತಿರುಮಕೂಡಲು ನರಸೀಪುರದಲ್ಲಿ, ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯೂ ಲಸಿಕೆಯ ಚರಿತ್ರೆಯ ಒಂದು ಅಧ್ಯಾಯವೇ. ಅಂಗನವಾಡಿಯ ಊಟವನ್ನೂ ತಾಯಿ ಕಾರ್ಡನ್ನೂ ಬೇರೆಬೇರೆಯಾಗಿ ಎಣಿಸುವುದು ಶಾಸ್ತ್ರಸಮ್ಮತವಲ್ಲ.

೨೦೨೦ರ ಮಾರ್ಚಿಯಲ್ಲಿ ಕೋವಿಡ್ ಕರ್ನಾಟಕಕ್ಕೆ ಕಾಲಿಟ್ಟಾಗ ಅದು ಮೊದಲು ಕಾಣಿಸಿಕೊಂಡ ಊರುಗಳಲ್ಲಿ ಗೌರಿಬಿದನೂರೂ ಒಂದು. ಆ ಹೊಸ ರೋಗ ಮಕ್ಕಳಲ್ಲಿ ಬಹುಮಟ್ಟಿಗೆ ಸೌಮ್ಯವಾಗಿಯೂ ವೃದ್ಧರಲ್ಲಿ ಉಗ್ರವಾಗಿಯೂ ವರ್ತಿಸಿತು. ಯಾರೂ ಎಂದೂ ಕಾಣದ ರೋಗವನ್ನು ಎದುರಿಸಲು ಹಳೆಯ ನೆನಪಿಗಿಂತ ಹೊಸ ಕೋಶಗಳ ಸಂಪತ್ತೇ ಹೆಚ್ಚು ನೆರವಾದೀತೆಂಬುದು ಇದಕ್ಕೆ ವಿದ್ವಾಂಸರು ಸೂಚಿಸಿರುವ ಕಾರಣಗಳಲ್ಲೊಂದು. ಆದರೆ ಅದೇ ವರ್ಷ ಜಗತ್ತಿನಾದ್ಯಂತ ಸುಮಾರು ಎರಡು ಕೋಟಿ ಮೂವತ್ತು ಲಕ್ಷ ಶಿಶುಗಳಿಗೆ ವಾಡಿಕೆಯ ಲಸಿಕೆಗಳು ಪೂರ್ತಿಯಾಗಿ ದೊರೆಯಲಿಲ್ಲ. ಕೋಶಗಳ ಪಂಚಾಂಗ ಯಾರಿಗಾಗಿಯೂ ಕಾಯದಾದ್ದರಿಂದ ಈ ನಷ್ಟವನ್ನು ಅಲ್ಪವೆನ್ನುವಂತಿಲ್ಲ.

ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇಲ್ಲಿ ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಹಳೆಯ ಪುರಸಭೆಗಳ ಜನನಮರಣದ ಪುಸ್ತಕಗಳು, ಲಸಿಕೆ ಹಾಕುವವರ ದಿನಚರಿಗಳು, ಸೂಲಗಿತ್ತಿಯರ ನೆನಪುಗಳು, ‘ಅಮ್ಮ’ನ ಜಾತ್ರೆಯ ಹಾಡುಗಳು, ಎಲ್ಲವೂ ಈ ಚರಿತ್ರೆಯ ಆಕರಗಳು. ಕಾಗದಗಳು ಗೆದ್ದಲು ಹಿಡಿಯುವ ಮುನ್ನ, ತೋಳಿನ ಮೇಲೆ ದೇವಿಯ ಕಲೆಯನ್ನು ಹೊತ್ತ ಹಿರಿಯರು ನಮ್ಮೊಡನಿರುವಾಗಲೇ, ಅವುಗಳನ್ನು ಸಂಗ್ರಹಿಸುವ ಪ್ರಯತ್ನ ನಡೆಯಬೇಕೆಂಬುದು ನಮ್ಮ ಆಶಯ.